ಕಿರಾಣಿ ಅಂಗಡಿ ಸಕ್ಕರೆಯ ಮೇಲೆ 300 ಕಿ.ಮೀ. ಸೈಕಲ್: ನನ್ನ ಅನುಭವ

ಗಂಟೆಗೆ 60 ಗ್ರಾಂ ಸಕ್ಕರೆ, 30 ಗ್ರಾಂ ಮಾಲ್ಟೊಡೆಕ್ಸ್‌ಟ್ರಿನ್ (ಪಿಷ್ಟದಿಂದ ಮಾಡಿದ ಪುಡಿ), ಒಂದೂವರೆ ಗ್ರಾಂ ಉಪ್ಪು. ಇಷ್ಟನ್ನೇ ಕುಡಿದು ಫೆಬ್ರವರಿಯಲ್ಲಿ ದಾವಣಗೆರೆಯಿಂದ ಶಿರಾ ದಾಟಿ ವಾಪಸ್ ಬಂದೆ. 300 ಕಿ.ಮೀ.ಗೆ ಹಿಡಿದದ್ದು ಹತ್ತಿರ ಹತ್ತಿರ ಹದಿನಾಲ್ಕೂವರೆ ಗಂಟೆ. ಬ್ರೆವೆ ಅನ್ನುವ ದೂರದ ಸೈಕಲ್ ಸವಾರಿಯಲ್ಲಿ ಇದೇ ದೂರಕ್ಕೆ 20 ಗಂಟೆ ಕೊಡುತ್ತಾರೆ. "ಅಣ್ಣಾ, ಶರಬತ್ತು ಕುಡ್ಕೊಂಡು ಶಿರಾಕ್ಕೆ ಹೋಗಾಕಾಗುತ್ತೇನು?" ಅಂದಿದ್ದ ನಮ್ಮ ಗುಂಪಿನ ಹುಡುಗರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ಅವರು ಅನುಮಾನಪಟ್ಟದ್ದರಲ್ಲಿ ತಪ್ಪಿಲ್ಲ. ಎರಡು ವರ್ಷದ ಹಿಂದೆ ಇದೇ ರಸ್ತೆಯಲ್ಲಿ, ವಾಪಸ್ ಬರುವಾಗ ಐಮಂಗಲದ ಹತ್ತಿರ ನಾನು ಬಾಂಕ್ ಆಗಿ, ಅಂದರೆ ಮೈಯಲ್ಲಿನ ಸಕ್ಕರೆ ಖಾಲಿಯಾಗಿ, ಮೋರಿ ಕಟ್ಟೆಯ ಮೇಲೆ ಕೂತುಬಿಟ್ಟಿದ್ದೆ. ಕೈ ನಡುಗಿ ಫೋನಿನ ಲಾಕ್ ತೆಗೆಯಲೂ ಆಗುತ್ತಿರಲಿಲ್ಲ. ಭಾವಮೈದ ಗಾಡಿ ತಂದು ಸೈಕಲ್ ಸಮೇತ ಎತ್ತಿಕೊಂಡು ಹೋದ. ಅವತ್ತು ತಿಂದದ್ದು ಬೆಳಿಗ್ಗೆ ಇಡ್ಲಿ, ದಾರಿಯಲ್ಲಿ ಎರಡು ಚಿಕ್ಕಿ, ಒಂದು ಬಾಳೆಹಣ್ಣು. ಉಳಿದಂತೆ ಓಆರ್‌ಎಸ್ ಮೇಲೇ ನಂಬಿಕೆ. ಒಂದು ಲೀಟರ್ ಓಆರ್‌ಎಸ್‌ನಲ್ಲಿ ಗ್ಲೂಕೋಸ್ ಇರುವುದು ಬರೀ 13.5 ಗ್ರಾಂ ಅನ್ನುವುದು ಮನೆಗೆ ಬಂದು ಪ್ಯಾಕೆಟ್ ಹಿಂದೆ ಓದಿದಾಗಲೇ ಗೊತ್ತಾದದ್ದು. ಅದು ಭೇದಿಗೆ ಮಾಡಿದ ಔಷಧಿ, ನಾಲ್ಕು ಲೀಟರ್ ಕುಡಿದರೂ ಕಾಲಿಗೆ ಒಂದು ಗಂಟೆಯ ಊಟವಿಲ್ಲ.

ಆಮೇಲೆ ಜೆಲ್, ಅಂದರೆ ದಾರಿಯಲ್ಲಿ ಹಿಂಡಿ ನುಂಗುವ ಸಿಹಿ ಪೊಟ್ಟಣ, ತರಿಸಿದೆ. ಹನ್ನೆರಡಕ್ಕೆ ಸುಮಾರು 1,400 ರೂಪಾಯಿ. ಒಂದರಲ್ಲಿ 25 ಗ್ರಾಂ ಅಂದರೆ ಗಂಟೆಗೆ ಮೂರು ಮೂರೂವರೆ ಬೇಕು. 300ಕ್ಕೆ ಐವತ್ತು ಜೆಲ್, ಐದಾರು ಸಾವಿರ! ಗೊಬ್ಬರದ ಅಂಗಡಿ ಇಟ್ಟುಕೊಂಡವನಿಗೆ ಆ ಲೆಕ್ಕ ಹೇಗೆ ಹೊಂದಬೇಕು?

ಅಗ್ಗದ ದಾರಿ ಹುಡುಕುತ್ತಾ ಗ್ಲೂಕೋಸ್ ಪುಡಿಗೆ ಬಂದೆ. ಗಂಟೆಗೆ 80 ಗ್ರಾಂ ಹಾಕಿದೆ. ಭರಮಸಾಗರ ಬರುವಷ್ಟರಲ್ಲಿ ಹೊಟ್ಟೆ ತಮಟೆಯಾಗಿ ರಸ್ತೆ ಪಕ್ಕ ವಾಂತಿ. ಬರೀ ಗ್ಲೂಕೋಸ್ ಆದರೆ ಕರುಳು ಗಂಟೆಗೆ 60 ಗ್ರಾಂ ಆಸುಪಾಸು ಮಾತ್ರ ಎಳೆದುಕೊಳ್ಳುತ್ತದೆ, ಉಳಿದದ್ದು ಅಲ್ಲೇ ಕೊಳೆಯುತ್ತದೆ. ಹಣ್ಣು, ಜೇನಿನಲ್ಲಿರುವ ಫ್ರಕ್ಟೋಸ್ ಅನ್ನುವ ಸಕ್ಕರೆ ಬೇರೆ ದಾರಿಯಲ್ಲಿ ಹೋಗುವುದರಿಂದ ಎರಡನ್ನೂ ಬೆರೆಸಿದರೆ 90ರವರೆಗೆ ಹೋಗಬಹುದು. ಜ್ಯೂಕೆಂಡ್ರಪ್ ಅನ್ನುವ ಕ್ರೀಡಾ ಪೋಷಣೆಯ ವಿಜ್ಞಾನಿಯ ಪ್ರಯೋಗಗಳು ಇದನ್ನೇ ತೋರಿಸಿವೆ, ಅದನ್ನು ಇಲ್ಲಿ ಎಳೆಯುವುದಿಲ್ಲ. ಆ ಫ್ರಕ್ಟೋಸ್ ಅನ್ನು ಬೇರೆ ಡಬ್ಬಿಯಲ್ಲಿ ಕೊಂಡು ಹಾಕಿದ ಒಂದು ಭಾನುವಾರ ಅಳತೆ ತಪ್ಪಿ ಭೇದಿಯೂ ಆಯಿತು. ಹಾಳಾದ ದುಡ್ಡು ಅಷ್ಟರಲ್ಲಿ ಏಳೆಂಟು ಸಾವಿರ ದಾಟಿತ್ತು.

ಹೊಳೆದದ್ದು ಮನೆಯಲ್ಲಿ ಚಹಾಕ್ಕೆ ಸಕ್ಕರೆ ಹಾಕುವಾಗ. ಸಕ್ಕರೆ ಅಂದರೇನೇ ಅರ್ಧ ಗ್ಲೂಕೋಸ್, ಅರ್ಧ ಫ್ರಕ್ಟೋಸ್. 60 ಗ್ರಾಂ ಸಕ್ಕರೆಯಿಂದ 30-30 ಬಂತು. ಮೇಲೆ 30 ಗ್ರಾಂ ಮಾಲ್ಟೊ ಹಾಕಿದರೆ ಅದು ಪೂರ್ತಿ ಗ್ಲೂಕೋಸೇ. ಒಟ್ಟು 60ಕ್ಕೆ 30. ದುಬಾರಿ ಡಬ್ಬಿಗಳ ಮೇಲೆ ಬರೆದಿರುವ ಎರಡಕ್ಕೆ ಒಂದರ ಅಳತೆ ಇದೇ! ಮಾಲ್ಟೊ ಮಾಡುವುದು ಹೆಚ್ಚಾಗಿ ಮೆಕ್ಕೆಜೋಳದ ಪಿಷ್ಟದಿಂದ. ನಮ್ಮ ಮಂಡಿಯಲ್ಲಿ ರಾಶಿ ಬೀಳುವ ಜೋಳವೇ ಪುಡಿಯಾಗಿ ಡಬ್ಬಿ ಸೇರಿದ ಮೇಲೆ ಆ ಬೆಲೆ. ಬಿಡಿಯಾಗಿ ಕೊಂಡರೆ ಕೆ.ಜಿ.ಗೆ 300 ರೂಪಾಯಿ ಒಳಗೇ ಸಿಗುತ್ತದೆ. ಹದಿನಾಲ್ಕು ಗಂಟೆಯ ಸರಕಿಗೆ ನನಗೆ ಬಿದ್ದದ್ದು ನಿಂಬೆಹಣ್ಣೂ ಸೇರಿ 200ರ ಒಳಗೆ.

ಅಮ್ಮ ತೂಕ ಹಾಕುವುದನ್ನು ನೋಡಿ, "ಇಷ್ಟು ಸಕ್ಕರೆ ಕುಡುದ್ರೆ ಸಕ್ಕರೆ ಕಾಯಿಲೆ ಬರಾದಿಲ್ಲೇನಪ್ಪಾ?" ಅಂದಳು. ಸೈಕಲ್ ತುಳಿಯುವಾಗ ಸ್ನಾಯು ಅದನ್ನು ಕೂಡಲೇ ಉರಿಸುತ್ತದೆ, ಅಂಗಡಿಯಲ್ಲಿ ಕೂತು ನಾನು ಇದನ್ನು ಒಂದು ಗುಟುಕೂ ಮುಟ್ಟುವುದಿಲ್ಲ ಅಂತ ಹೇಳಿದೆ. ಶುಗರ್ ಇರುವವರು ಮಾತ್ರ ಡಾಕ್ಟರನ್ನು ಕೇಳದೆ ಇದಕ್ಕೆ ಕೈ ಹಾಕಬೇಡಿ.

ಅಳತೆ ಸಿಕ್ಕಿತು ಅಂತ ಹೊಟ್ಟೆ ಮೊದಲ ದಿನವೇ ಒಪ್ಪಲಿಲ್ಲ. ಪ್ರತಿ ಭಾನುವಾರ ಚಿತ್ರದುರ್ಗಕ್ಕೆ ಹೋಗಿ ಬರುವ 120 ಕಿ.ಮೀ.ಯಲ್ಲೇ ಹೊಟ್ಟೆಯನ್ನು ಪಳಗಿಸಿದೆ. ಗಂಟೆಗೆ 45 ಗ್ರಾಂನಿಂದ ಶುರು, ಎರಡು ವಾರಕ್ಕೊಮ್ಮೆ ಹದಿನೈದು ಏರಿಕೆ. 75ರಲ್ಲಿ ಗುಡುಗುಡು ಶುರುವಾಗಿ ಮೂರು ವಾರ ಅಲ್ಲೇ ನಿಂತೆ. 90 ನೆಮ್ಮದಿಯಾಗಿ ಇಳಿಯಲು ಹತ್ತು ವಾರ ಹಿಡಿಯಿತು. ಗುಂಪಿನಲ್ಲಿ ಸೋತವರೆಲ್ಲ ಎಡವಿದ್ದು ಇಲ್ಲೇ, ಸ್ಪರ್ಧೆಯ ದಿನವೇ ಮೊದಲ ಸಲ 90 ಕುಡಿದು.

ನಡುವೆ ಬೇರೆ ಪ್ರಯೋಗಗಳೂ ನಡೆದವು. ಬೆಲ್ಲ ಹಾಕಿ ಹಿಂದಿನ ರಾತ್ರಿಯೇ ಬಾಟಲಿ ತುಂಬಿಟ್ಟಿದ್ದೆ. ಮರುದಿನ ಮಧ್ಯಾಹ್ನ ದುರ್ಗದ ಬಿಸಿಲಲ್ಲಿ ಮುಚ್ಚಳ ತಿರುಗಿಸಿದರೆ ಬುಸ್ ಅಂತ ಗಾಳಿ ಬಂತು, ಹುಳಿ ವಾಸನೆ, ಮೂತಿಯಲ್ಲಿ ಕಸ ಕಟ್ಟಿತ್ತು. ಊರಿನ ಅಭಿಮಾನಕ್ಕೆ ಮಂಡಕ್ಕಿಯನ್ನೂ ನೋಡಿದೆ. ಮೂರು ಜೇಬು ಒತ್ತಿ ತುಂಬಿದರೂ ನೂರು ಗ್ರಾಂ ತಲುಪಲಿಲ್ಲ, ಎದುರು ಗಾಳಿಯಲ್ಲಿ ಬಾಯಿ ಒಣಗಿ ಗಂಟಲಿಗೆ ಅಂಟಿತು. ಎಳನೀರು ಚೆನ್ನ, ಆದರೆ ಅದರಲ್ಲಿ ಪೊಟ್ಯಾಸಿಯಂ ಜಾಸ್ತಿ, ಬೆವರಲ್ಲಿ ಹೋಗುವ ಸೋಡಿಯಂ ಕಡಿಮೆ. ರಾಗಿ ಅಂಬಲಿ ಹಿಂದಿನ ರಾತ್ರಿಗೆ ಒಳ್ಳೆಯದು, ಬಾಟಲಿಗಲ್ಲ.

ಬೆರೆಸುವ ಬಗ್ಗೆ ಒಂದು ಮಾತು. ಮಾಲ್ಟೊ ನೇರ ತಣ್ಣೀರಿಗೆ ಸುರಿದರೆ ಗಂಟು ಕಟ್ಟುತ್ತದೆ. ಅಕ್ಕಸಾಲಿ ಗೆಳೆಯನ ಹಳೆಯ ತಕ್ಕಡಿಯಲ್ಲಿ ಗಂಟೆಗೊಂದರಂತೆ ಪೊಟ್ಟಣ ಕಟ್ಟಿ, ಸಕ್ಕರೆಯ ಜೊತೆಗೇ ಮೊದಲು ಒಣದಾಗಿ ಕಲೆಸಿಡುತ್ತೇನೆ. ಮಾಲ್ಟೊ ಕಣ ಸಕ್ಕರೆ ಹರಳುಗಳ ನಡುವೆ ಬಿಡಿಬಿಡಿಯಾಗಿ ನಿಂತು, ಹೋಟೆಲಿನ ತಣ್ಣೀರಲ್ಲೂ ನಾಲ್ಕು ಸಲ ಅಲ್ಲಾಡಿಸಿದರೆ ಕರಗುತ್ತದೆ. 750 ಎಂ.ಎಲ್. ಬಾಟಲಿಗೆ ಒಂದು ಪೊಟ್ಟಣ. ಇದು ಅಂಗಡಿಯ ಸ್ಪೋರ್ಟ್ಸ್ ಡ್ರಿಂಕಿಗಿಂತ ಸುಮಾರು ಎರಡರಷ್ಟು ಗಟ್ಟಿ, ಅದಕ್ಕೇ ಎರಡನೇ ಬಾಟಲಿಯಲ್ಲಿ ಬರೀ ನೀರು ಇರಲೇಬೇಕು. ಹತ್ತು ನಿಮಿಷಕ್ಕೊಮ್ಮೆ ಗಡಿಯಾರ ಕೂಗುತ್ತದೆ, ಬಾಯಾರಿಕೆ ಇರಲಿ ಬಿಡಲಿ ಒಂದೆರಡು ಗುಟುಕು. ಹಿಂದೆಯೇ ನೀರು ಮುಕ್ಕಳಿಸಿದರೆ ಹಲ್ಲಿಗೂ ಒಳ್ಳೆಯದು. ಏಪ್ರಿಲ್‌ನಲ್ಲಿ ಸವಾರಿಗೆ ಮುಂಚೆ, ಆಮೇಲೆ ತೂಗಿ ನೋಡಿದಾಗ ಗಂಟೆಗೆ ಒಂದು ಕಿಲೋ ಹತ್ತಿರ ಬೆವರು ಹೋಗಿತ್ತು. ಒಂದೂವರೆ ಗ್ರಾಂ ಉಪ್ಪು ಬಂದದ್ದು ಅಲ್ಲಿಂದ, ಅದರಲ್ಲಿ 600 ಮಿಲಿಗ್ರಾಂ ಸೋಡಿಯಂ ಇದೆ.

ಆರನೇ ಗಂಟೆಯ ಮೇಲೆ ಸಿಹಿ ಓಕರಿಕೆ ತರುತ್ತದೆ ಅನ್ನುವವರಿಗೆ: ನಿಂಬೆಯ ಜೊತೆ ನಾನು ಇನ್ನೂ ಒಂದು ಹುಳಿ ಹಾಕುತ್ತೇನೆ. ಅದು ನಮ್ಮ ಅಡುಗೆಮನೆಯದೇ. ಯಾವುದು ಅಂತ ಸದ್ಯಕ್ಕೆ ಹೇಳುವುದಿಲ್ಲ, ಮುಂದಿನ 600 ಕಿ.ಮೀ. ಸವಾರಿ ಮುಗಿಯಲಿ.

600ಕ್ಕೆ ರಾತ್ರಿ ಪೊಟ್ಟಣವೇ ಬೇರೆ ಕಟ್ಟುತ್ತಿದ್ದೇನೆ. ತಂಪಲ್ಲಿ ವೇಗ ಕಡಿಮೆ, ನಾಲಿಗೆಗೆ ಸಿಹಿಯೂ ಬೇಡ. ಹಾಗಾಗಿ ಸಕ್ಕರೆ 40, ಮಾಲ್ಟೊ 35, ಉಪ್ಪು ಕಡಿಮೆ. ಕಳೆದ ಶನಿವಾರ ರಾತ್ರಿ ಹಿರಿಯೂರಿನವರೆಗೆ ಹೋಗಿ ಬಂದೆ, ಹೊಟ್ಟೆ ತಣ್ಣಗಿತ್ತು. ಬೆಳಗಿನ ಜಾವ ಮೂರರ ಮೇಲೆ ಹೇಗಿರುತ್ತದೆ ಅನ್ನುವುದನ್ನು ಇನ್ನೆರಡು ಶನಿವಾರ ನೋಡಬೇಕು.