ಭೂತಾನ್ ನೆರವಿನ ಕಡತ ನೋಡುವ ಕ್ರಮ

ಭೂತಾನ್‌ಗೆ ಭಾರತ ಎಷ್ಟು ಕೋಟಿ ಕೊಟ್ಟಿತು ಎನ್ನುವುದು ಪತ್ರಿಕೆಗೆ ಸಾಕು. ಕಡತದ ಮೇಲೆ ಕೂರುವವರಿಗೆ ಬೇಕಾದ್ದು ಬೇರೆ: ಹಣ ಯಾವ ಬಾಬ್ತಿನದು, ಅನುದಾನವೆಷ್ಟು, ಸಾಲವೆಷ್ಟು, ಬಡ್ಡಿ ಎಷ್ಟು, ಯಾವ ತಿಂಗಳು ಬಿಡುಗಡೆ. ನಾನು ಕಂಡಂತೆ ಈ ಸಂಬಂಧದಲ್ಲಿ ಕಿರಿಕಿರಿ ಹುಟ್ಟಿರುವುದು ಮೊತ್ತ ಕಡಿಮೆಯಾಯಿತೆಂದಲ್ಲ, ಈ ವಿವರಗಳಲ್ಲಿ ಯಾವುದೋ ಒಂದು ತಪ್ಪಿದ್ದರಿಂದ.

ಹೊಸಬರ ಮುಂದೆ ನಾನು ಮೊದಲು ಇಡುವುದು ಎರಡು ಒಪ್ಪಂದಗಳನ್ನು: 1949ರ ಆಗಸ್ಟ್ 8ರಂದು ಡಾರ್ಜಿಲಿಂಗ್‌ನಲ್ಲಿ ಸಹಿಯಾದದ್ದು, 2007ರ ಫೆಬ್ರವರಿ 8ರಂದು ದೆಹಲಿಯಲ್ಲಿ ಸಹಿಯಾದದ್ದು. ಎರಡರ 2ನೇ ವಿಧಿಯನ್ನೂ ಪಕ್ಕಪಕ್ಕ ಇಟ್ಟು ಓದಬೇಕು. ಹಳೆಯದರಲ್ಲಿ ವಿದೇಶ ವ್ಯವಹಾರಕ್ಕೆ ಭಾರತದ ಸಲಹೆಯಂತೆ ನಡೆಯಲು ಭೂತಾನ್ ಒಪ್ಪಿತ್ತು. ಒಳಾಡಳಿತದಲ್ಲಿ ಕೈಹಾಕುವುದಿಲ್ಲವೆಂದು ಭಾರತ ಮಾತು ಕೊಟ್ಟಿತ್ತು. ಹೊಸದರಲ್ಲಿ ಸಲಹೆಯ ಪ್ರಸ್ತಾಪವೇ ಇಲ್ಲ. ರಾಷ್ಟ್ರಹಿತದ ವಿಷಯಗಳಲ್ಲಿ ಇಬ್ಬರೂ ಒಟ್ಟಾಗಿ ನಡೆಯಬೇಕು, ಒಬ್ಬರ ಭದ್ರತೆಗೆ ಧಕ್ಕೆ ತರುವ ಕೆಲಸಕ್ಕೆ ಇನ್ನೊಬ್ಬರು ನೆಲ ಕೊಡಬಾರದು, ಅಷ್ಟೆ. ಆ ಮಾತು ಕಾಗದಕ್ಕೆ ಬರುವ ಮೊದಲೇ, 2003ರ ಡಿಸೆಂಬರ್‌ನಲ್ಲಿ, ಭೂತಾನ್ ತನ್ನ ಸೈನ್ಯವನ್ನೇ ಇಳಿಸಿ ತನ್ನ ಕಾಡಿನಲ್ಲಿ ಅಡಗಿದ್ದ ಭಾರತದ ಬಂಡುಕೋರ ಗುಂಪುಗಳಾದ ಉಲ್ಫಾ, ಎನ್‌ಡಿಎಫ್‌ಬಿ, ಕೆಎಲ್‌ಒಗಳ ಶಿಬಿರಗಳನ್ನು ಕಿತ್ತುಹಾಕಿತ್ತು. ಆದ್ದರಿಂದ ಯಾವುದೇ ಟಿಪ್ಪಣಿಯಲ್ಲಿ ಉಪಕಾರ ಮಾಡುತ್ತಿದ್ದೇವೆ ಎಂಬ ಧಾಟಿ ಕಂಡರೆ ಆ ಸಾಲನ್ನು ಹೊಡೆದು ಹಾಕುತ್ತೇನೆ.

1961ರಲ್ಲಿ ಶುರುವಾದ ಮೊದಲ ಪಂಚವಾರ್ಷಿಕ ಯೋಜನೆಗೂ ನಂತರದ ಎರಡನೆಯದಕ್ಕೂ ಪೂರ್ತಿ ಹಣ ಭಾರತದ್ದೇ. ಈಗ ಹಾಗಿಲ್ಲ, ಭೂತಾನ್ ತನ್ನ ಯೋಜನೆಯನ್ನು ತಾನೇ ಬರೆದು, ಅದರೊಳಗಿನ ಪಟ್ಟಿಯನ್ನು ನಮ್ಮ ಮುಂದಿಡುತ್ತದೆ. 12ನೇ ಯೋಜನೆಗೆ (2018–23) ಭಾರತ ಒಪ್ಪಿದ್ದು 5,000 ಕೋಟಿ ರೂಪಾಯಿ. ಅದರಲ್ಲಿ ಒಂದು ಪಾಲು ವ್ಯಾಪಾರ ಬೆಂಬಲಕ್ಕೆ. ಯೋಜನಾ ನೆರವಿನ 4,500 ಕೋಟಿಯಲ್ಲಿ 2,800 ಕೋಟಿ ಹೆಸರಿಸಿದ ಯೋಜನೆಗಳಿಗೆ, 850 ಕೋಟಿ ಹಳ್ಳಿಮಟ್ಟದ ಸಣ್ಣ ಕಾಮಗಾರಿಗಳಿಗೆ, ಇನ್ನೊಂದು 850 ಕೋಟಿ ಭೂತಾನ್ ತನ್ನ ಬಜೆಟ್‌ಗೇ ಸೇರಿಸಿಕೊಳ್ಳುವ ಕಾರ್ಯಕ್ರಮ ಅನುದಾನ. ಈ ಮೂರನ್ನೂ ಒಂದೇ ಅಳತೆಯಲ್ಲಿ ನೋಡಬಾರದು. ಹೊಲದ ರಸ್ತೆ, ನೀರಿನ ಕಾಲುವೆಯಂಥ ಗೆವೊಗ್ (ಕೆಲವು ಹಳ್ಳಿಗಳ ಗುಂಪು) ಮಟ್ಟದ ಕೆಲಸಕ್ಕೆ ಆಸ್ಪತ್ರೆ ಕಟ್ಟಡಕ್ಕೆ ಕೇಳುವಷ್ಟು ಕಾಗದ ಕೇಳಿದರೆ ಕಾಮಗಾರಿಗಿಂತ ಪತ್ರವ್ಯವಹಾರವೇ ದೊಡ್ಡದಾಗುತ್ತದೆ. ಅಲ್ಲಿ ನಾನು ನೋಡುವುದು ಮೂರೇ: ಜಾಗದ ತಕರಾರು ಇಲ್ಲವೆಂಬ ಪತ್ರ, ಅಂದಾಜು ಪಟ್ಟಿ, ಮುಗಿದ ಮೇಲೆ ನಿರ್ವಹಣೆ ಯಾರದೆಂಬ ಒಂದು ಸಾಲು. ಮೂರನೆಯದನ್ನು ಬರೆಯದೇ ಬಿಟ್ಟರೆ ಕಾಲುವೆ ಮೊದಲ ಭೂಕುಸಿತಕ್ಕೇ ಅನಾಥ.

ಅತಿ ಹೆಚ್ಚು ತಲೆನೋವು ಕೊಡುವುದು ಕ್ಯಾಲೆಂಡರ್. ಭಾರತದ ಹಣಕಾಸು ವರ್ಷ ಮಾರ್ಚ್ 31ಕ್ಕೆ ಮುಗಿಯುತ್ತದೆ, ಭೂತಾನ್‌ನದು ಜೂನ್ 30ಕ್ಕೆ. ಮಳೆ ಜೂನ್‌ನಿಂದ ಸೆಪ್ಟೆಂಬರ್. ಎತ್ತರದ ಜಾಗಗಳಲ್ಲಿ ಡಿಸೆಂಬರ್‌ನಿಂದ ಫೆಬ್ರವರಿವರೆಗೆ ಹೆಪ್ಪುಗಟ್ಟುವ ಚಳಿಗೆ ಕಾಂಕ್ರೀಟ್ ಹಾಕುವಂತಿಲ್ಲ. ಕಳೆದು ನೋಡಿ, ಎಷ್ಟು ತಿಂಗಳು ಕೈಗೆ ಉಳಿಯುತ್ತದೆ? ಹಾಗಾಗಿ ಮೊದಲ ಕಂತು ಮಳೆಗಾಲದೊಳಗೇ ಥಿಂಪು ಸೇರಬೇಕು. ಟೆಂಡರ್, ಮೌಲ್ಯಮಾಪನ, ಕಾರ್ಯಾದೇಶ ಎಲ್ಲ ಮಳೆಯಲ್ಲಿ ಮುಗಿದರೆ ಅಕ್ಟೋಬರ್ ಒಂದಕ್ಕೆ ಯಂತ್ರ ಇಳಿಯುತ್ತದೆ. ಮಾರ್ಚ್‌ನಲ್ಲಿ ಬಜೆಟ್ ಉಳಿಯಿತೆಂದು ಗಡಿಬಿಡಿಯಲ್ಲಿ ಬಿಟ್ಟ ಹಣ ಇನ್ನೊಂದು ಮಳೆಗಾಲ ಖಾತೆಯಲ್ಲಿ ಮಲಗುತ್ತದೆ. ಅವರ ವರ್ಷಾಂತ್ಯದ ಲೆಕ್ಕ ಜೂನ್ ನಂತರವೇ ಬರುವುದರಿಂದ, ಕೊಟ್ಟ ಹಣ ಖರ್ಚಾಯಿತೆಂದು ತೋರಿಸುವ ಬಳಕೆ ಪ್ರಮಾಣಪತ್ರವನ್ನು ಮಾರ್ಚ್‌ಗೆ ಒಂದು, ಜೂನ್‌ಗೆ ಒಂದು ಎಂದು ಎರಡು ಭಾಗ ಮಾಡಿಸಿಕೊಳ್ಳುವುದು ಒಳ್ಳೆಯದು. ಇಲ್ಲದಿದ್ದರೆ ಹಿಂದಿನ ಕಂತಿನ ಲೆಕ್ಕ ಬಂದಿಲ್ಲ ಎಂಬ ಒಂದೇ ಷರಾದ ಮೇಲೆ ಮುಂದಿನ ಕಂತು ನಿಲ್ಲುತ್ತದೆ.

ದಿನಾಂಕ ತಪ್ಪಿದರೆ ಏನಾಗುತ್ತದೆ ಎನ್ನುವುದಕ್ಕೆ 2013 ಸಾಕ್ಷಿ. 10ನೇ ಯೋಜನೆ ಜೂನ್ 30ಕ್ಕೆ ಮುಗಿಯಿತು. ಅಡುಗೆ ಅನಿಲ ಮತ್ತು ಸೀಮೆಎಣ್ಣೆಯ ಸಬ್ಸಿಡಿ ಜುಲೈ ಮೊದಲಲ್ಲೇ ನಿಂತಿತು. ಜುಲೈ 13ಕ್ಕೆ ಭೂತಾನ್‌ನಲ್ಲಿ ಸಂಸತ್ ಚುನಾವಣೆಯ ಕೊನೆಯ ಸುತ್ತು. ಅವಧಿ ಮುಗಿದ ಬಾಬ್ತು, ಹೊಸದಕ್ಕೆ ಇನ್ನೂ ಮಂಜೂರಾತಿ ಇಲ್ಲ ಎಂಬುದು ಕಡತದ ಮಟ್ಟಿಗೆ ಸರಿಯಾದ ವಿವರಣೆಯೇ. ಸಿಲಿಂಡರ್‌ಗೆ ಸಾಲು ನಿಂತವರಿಗೆ ಅದು ಒತ್ತಡದಂತೆ ಕಂಡಿತು. ಆಗಸ್ಟ್‌ನಲ್ಲಿ ಸಬ್ಸಿಡಿ ಮರಳಿದರೂ ಆ ಮಾತು ಇವತ್ತಿಗೂ ಕೇಳಿಬರುತ್ತದೆ. ಮನೆಯ ಒಲೆಗೆ ತಾಗುವ ಯಾವ ಬಾಬ್ತೇ ಇರಲಿ, ಯೋಜನೆಯ ಅವಧಿಯಿಂದ ಅದನ್ನು ಬಿಡಿಸಿ, ಹೊಸ ಆದೇಶ ಬರುವವರೆಗೆ ಹಳೆಯದೇ ಮುಂದುವರಿಯುತ್ತದೆ ಎಂಬ ವಾಕ್ಯ ಸೇರಿಸಬೇಕು.

ಇನ್ನು ಜಲವಿದ್ಯುತ್. ಈ ಸಂಬಂಧದ ಬೆನ್ನೆಲುಬು ಇದೇ. ಚುಖಾ 336 ಮೆಗಾವ್ಯಾಟ್. 60 ಭಾಗ ಅನುದಾನ, 40 ಭಾಗ ಸಾಲ, ಬಡ್ಡಿ ಶೇ 5. ತಾಲಾ 1,020 ಮೆಗಾವ್ಯಾಟ್. ಪಾಲು ಅದೇ 60:40, ಬಡ್ಡಿ ಶೇ 9. 2019ರಲ್ಲಿ ಉದ್ಘಾಟನೆಯಾದ 720 ಮೆಗಾವ್ಯಾಟ್‌ನ ಮಾಂಗ್ದೆಛುಗೆ ಬರುವ ಹೊತ್ತಿಗೆ ಅನುದಾನ 30, ಸಾಲ 70, ಬಡ್ಡಿ ಶೇ 10. ನೂರು ರೂಪಾಯಿ ವೆಚ್ಚಕ್ಕೆ ಲೆಕ್ಕ ಹಾಕಿ: ಚುಖಾದ ಷರತ್ತಿನಲ್ಲಿ ಮೊದಲ ವರ್ಷದ ಬಡ್ಡಿ 2 ರೂಪಾಯಿ, ಮಾಂಗ್ದೆಛುವಿನದರಲ್ಲಿ 7. ಎರಡಕ್ಕೂ ಪ್ರಕಟಣೆಯಲ್ಲಿ ಒಂದೇ ಹೆಸರು, ನೆರವು.

ಕೆಲಸ ಹೊತ್ತಿಗೆ ಸರಿಯಾಗಿ ಮುಗಿದರೆ 7 ರೂಪಾಯಿಯನ್ನೂ ತಡೆದುಕೊಳ್ಳಬಹುದು, ವಿದ್ಯುತ್ ಮಾರಾಟದಿಂದ ತೀರುತ್ತದೆ. ತಡವಾದರೆ ಮಾತ್ರ ಕಷ್ಟ. 1,200 ಮೆಗಾವ್ಯಾಟ್‌ನ ಪುನತ್ಸಾಂಗ್‌ಛು-1ರಲ್ಲಿ 2013ರ ಜುಲೈನಲ್ಲಿ ಅಣೆಕಟ್ಟಿನ ಬಲದಂಡೆ ಜಾರಿತು. ಅಲ್ಲಿ ಸಾಲ 60 ಭಾಗ, ಬಡ್ಡಿ ಶೇ 10. ನಿರ್ಮಾಣ ಅವಧಿಯ ಬಡ್ಡಿ ಅಸಲಿಗೆ ಸೇರುತ್ತ ಹೋದರೆ ಶೇ 10ರಲ್ಲಿ ಏಳು ವರ್ಷ ಚಿಲ್ಲರೆಗೆ ಸಾಲ ಇಮ್ಮಡಿ. ಒಂದು ಯೂನಿಟ್ ಹುಟ್ಟುವ ಮೊದಲೇ! 2016ರಲ್ಲಿ ಪುನತ್ಸಾಂಗ್‌ಛು-2ರ ನೆಲದಡಿಯ ಸರ್ಜ್ ಗ್ಯಾಲರಿಯಲ್ಲೂ (ನೀರಿನ ಒತ್ತಡದ ಏರಿಳಿತ ತಾಳುವ ಕೋಣೆ) ಬಂಡೆ ಕುಸಿಯಿತು. ಹಿಮಾಲಯದ ಬಂಡೆ ಎಳೆಯದು, ಒಳಗೆ ಬಿರುಕು ಜಾಸ್ತಿ. ಆದ್ದರಿಂದ ಡಿಪಿಆರ್ (ವಿವರವಾದ ಯೋಜನಾ ವರದಿ) ಬಂದಾಗ ನಾನು ಮೊದಲು ಬಿಡಿಸುವುದು ವೆಚ್ಚದ ಪುಟವನ್ನಲ್ಲ, ಬಂಡೆ ಪರೀಕ್ಷೆಗೆ ಕೊರೆದ ರಂಧ್ರಗಳ, ಅಂದರೆ ಬೋರ್‌ಹೋಲ್‌ಗಳ, ದಾಖಲೆಯನ್ನು. ಎರಡೂ ದಂಡೆಗಳಲ್ಲಿ ಎಷ್ಟು ಕೊರೆದಿದ್ದಾರೆ, ಎಷ್ಟು ಆಳಕ್ಕೆ ಗಟ್ಟಿ ಬಂಡೆ ಸಿಕ್ಕಿದೆ, ಕೊರೆತದ ತುಂಡುಗಳು ಇಡಿಯಾಗಿ ಬಂದಿವೆಯೋ ಪುಡಿಯಾಗಿ ಬಂದಿವೆಯೋ. ಇನ್ನೊಂದಷ್ಟು ಕೊರೆಸುವ ಖರ್ಚು ಒಂದು ವರ್ಷದ ಬಡ್ಡಿಯ ಮುಂದೆ ಲೆಕ್ಕಕ್ಕೇ ಬರುವುದಿಲ್ಲ.

ದರ ನಿಗದಿಯಾಗುವುದು ವೆಚ್ಚದ ಮೇಲೆ ಎಂಬುದನ್ನೂ ಮರೆಯುವಂತಿಲ್ಲ. ಮಾಂಗ್ದೆಛುವಿಗೆ ಒಪ್ಪಿದ ದರ ಯೂನಿಟ್‌ಗೆ 4.12 ರೂಪಾಯಿ. ವಿಳಂಬದಿಂದ ವೆಚ್ಚ ಏರಿದರೆ ದರವೂ ಏರಬೇಕು, ಕೊಳ್ಳುವವರು ನಾವೇ. ವಿಳಂಬದ ಬಿಲ್ಲು ಸುತ್ತಿ ಬಂದು ನಮ್ಮ ಕೈಗೂ ಬೀಳುತ್ತದೆ.

ಹಣ ಹೆಚ್ಚು ಹರಿದರೂ ತೊಂದರೆ ಇದೆ ಎಂದರೆ ಕೆಲವರು ನಂಬುವುದಿಲ್ಲ. ಭೂತಾನ್‌ನ ಹಣವಾದ ಗುಲ್ಟ್ರಮ್ ಮತ್ತು ರೂಪಾಯಿಯ ಬೆಲೆ ಒಂದಕ್ಕೊಂದು ಸಮ. ಅಣೆಕಟ್ಟಿಗೆಂದು ಬಂದ ರೂಪಾಯಿ ಸಿಮೆಂಟು, ಉಕ್ಕು, ಡೀಸೆಲ್, ಕೂಲಿಯ ರೂಪದಲ್ಲಿ ಗಡಿ ದಾಟಿ ವಾಪಸು ಬರುತ್ತದೆ. ಜೊತೆಗೆ ಬ್ಯಾಂಕುಗಳು ಸಲೀಸಾಗಿ ಸಾಲ ಕೊಟ್ಟು ವಾಹನ, ಮನೆಸಾಮಾನಿನ ಆಮದು ಏರಿ, ಅಲ್ಲಿ ರೂಪಾಯಿಯೇ ಸಾಲದಾಗುತ್ತದೆ. 2011ರ ಡಿಸೆಂಬರ್‌ನಲ್ಲಿ ಭೂತಾನ್ 20 ಕೋಟಿ ಡಾಲರ್ ಮಾರಿ ರೂಪಾಯಿ ಸಾಲ ತೀರಿಸಬೇಕಾಯಿತು. 2012ರಲ್ಲಿ ರೂಪಾಯಿ ಕೊಡುವುದಕ್ಕೇ ಕಡಿವಾಣ ಬಿತ್ತು. ಅಂದಿನಿಂದ ದೊಡ್ಡ ಕಾಮಗಾರಿಯ ಕಂತುಪಟ್ಟಿಯ ಪಕ್ಕದಲ್ಲಿ, ಆ ವರ್ಷ ಎಷ್ಟು ರೂಪಾಯಿ ಹೊರಹೋಗುತ್ತದೆ ಎಂಬ ಕಾಲಮ್ ಒಂದನ್ನು ಸೇರಿಸುವುದು ನನ್ನ ರೂಢಿ.

13ನೇ ಯೋಜನೆಗೆ (2024–29) ಮೊತ್ತ ಇಮ್ಮಡಿಯಾಗಿ 10,000 ಕೋಟಿ ಆಗಿದೆ. ವಿದ್ಯುತ್ತಿನಲ್ಲಿ ಕಂಪನಿಗಳ ಪಾಲುದಾರಿಕೆಯೂ ಬರುತ್ತಿದೆ; 600 ಮೆಗಾವ್ಯಾಟ್‌ನ ಖೋರ್ಲೋಛು ಭೂತಾನ್‌ನ ಸರ್ಕಾರಿ ವಿದ್ಯುತ್ ಕಂಪನಿ ಡ್ರುಕ್ ಗ್ರೀನ್ ಮತ್ತು ಭಾರತದ ಟಾಟಾ ಪವರ್ ಸೇರಿ ಮಾಡುವುದು. ಇಂಥ ಕಡತದಲ್ಲಿ ಅನುದಾನದ ಪಾಲು ಹುಡುಕುವ ಬದಲು ಚಳಿಗಾಲದ ಪುಟ ಹುಡುಕಬೇಕು. ಈ ಸ್ಥಾವರಗಳು ಹರಿಯುವ ನೀರಿನವು, ದೊಡ್ಡ ಜಲಾಶಯವಿಲ್ಲ. ಜುಲೈನಲ್ಲಿ ತುಂಬಿ ಮಾರುವ ಭೂತಾನ್ ಜನವರಿಯಲ್ಲಿ ನದಿ ಬತ್ತಿ ಭಾರತದಿಂದಲೇ ಕೊಳ್ಳುತ್ತದೆ. ವರ್ಷದ ಸರಾಸರಿ ದರ ಹಾಕಿದ ಪ್ರಸ್ತಾವ ಬಂದರೆ ವಾಪಸು ಕಳಿಸಿ, ತಿಂಗಳುವಾರು ಉತ್ಪಾದನೆ, ಮಾರಾಟ ದರ, ಖರೀದಿ ದರ ಮೂರನ್ನೂ ಬೇರೆ ಬೇರೆ ಬರೆಸಿ ತರಿಸಿಕೊಳ್ಳಿ.