ಕಲಂ ನಂಬರ್ ಆಮೇಲೆ, ಮೊದಲು ಅಂಶ ನೋಡಿ: ಪೊಲೀಸ್ ತರಬೇತಿಗೆ ಹೊರಟವರು ಕ್ರಿಮಿನಲ್ ಕಾನೂನು ಓದುವ ಬಗೆ

ಕಳೆದ ತಿಂಗಳು ನನ್ನ ಭಾನುವಾರದ ತರಗತಿಗೆ ಹೊಸಬನೊಬ್ಬ ಬಂದಿದ್ದ. ಕಾನ್‌ಸ್ಟೆಬಲ್ ಆಯ್ಕೆ ಪಟ್ಟಿಯಲ್ಲಿ ಹೆಸರು ಬಂದಿದೆ, ತರಬೇತಿಗೆ ಕರೆ ಬರಲಿ ಅಂತ ಕಾಯುತ್ತಿದ್ದಾನೆ. ಹಳೆಯ ಐಪಿಸಿ (ಭಾರತೀಯ ದಂಡ ಸಂಹಿತೆ) ಹೋಗಿ ಭಾರತೀಯ ನ್ಯಾಯ ಸಂಹಿತೆ ಬಂದ ಮೇಲೆ ಕಲಂ ನಂಬರ್‌ಗಳು ಬದಲಾಗಿವೆಯಲ್ಲ, ಅದನ್ನೇ ಕೇಳಿದೆ. "302 ಈಗ ಎಷ್ಟಪ್ಪಾ?" ಅಂದೆ. "103 ಸರ್." "420?" "318ರ 4." "498ಎ?" "85." ಒಂದೇ ಉಸಿರಿಗೆ ಹೇಳಿದ. ಆಮೇಲೆ ಕೇಳಿದೆ: "ಯಾರೂ ಇಲ್ಲದ ಮನೆಯ ಬೀಗ ಒಡೆದು ಆರು ಜನ ಟಿವಿ ಹೊತ್ತುಕೊಂಡು ಹೋದರು. ಏನು ಕೇಸು?" "ದರೋಡೆ ಸರ್, 310."

ತಪ್ಪು. ಮನೆಯಲ್ಲಿ ಯಾರೂ ಇರಲಿಲ್ಲ. ಯಾರಿಗೂ ಪೆಟ್ಟಾಗಲಿಲ್ಲ, ಯಾರೂ ಹೆದರಲಿಲ್ಲ. ಹಾಗಾಗಿ ಅದು ಸುಲಿಗೆಯೇ ಅಲ್ಲ. ಸುಲಿಗೆ ಅಲ್ಲದ್ದು ಆರು ಜನ ಸೇರಿದ ಮಾತ್ರಕ್ಕೆ ದರೋಡೆ ಆಗುವುದಿಲ್ಲ. ಅದು ಕನ್ನ ಕಳವು, ಕಲಂ 331 ಮತ್ತು 305. ತರಗತಿಯಲ್ಲಿ ತಪ್ಪಿದರೆ ತಿದ್ದಬಹುದು. ಠಾಣೆಯಲ್ಲಿ ತಪ್ಪಿದರೆ ಕಳವು ಮಾಡಿದವನು ಜೀವಾವಧಿ ಶಿಕ್ಷೆಯ ಕೇಸಿನಲ್ಲಿ ಒಳಗೆ ಹೋಗುತ್ತಾನೆ. ಹದಿನೈದು ವರ್ಷದಿಂದ ವಕೀಲಿಕೆಯ ಜೊತೆಗೆ ಈ ಪಾಠ ಮಾಡುತ್ತಿದ್ದೇನೆ. ಹೆಚ್ಚಿನವರು ಎಡವುವುದು ಇಲ್ಲೇ. ಅದಕ್ಕೇ ಈ ಲೇಖನ.

ಹೆಜ್ಜೆ 1: ಸರಿಯಾದ ಪುಸ್ತಕ ಹಿಡಿಯಿರಿ

ಮೂರು ಬೇರ್ ಆಕ್ಟ್ (ವ್ಯಾಖ್ಯಾನ ಇಲ್ಲದ ಮೂಲ ಕಾಯ್ದೆಯ ಪುಸ್ತಕ) ಸಾಕು. ಭಾರತೀಯ ನ್ಯಾಯ ಸಂಹಿತೆ, 358 ಕಲಂ: ಯಾವುದು ಅಪರಾಧ, ಶಿಕ್ಷೆ ಎಷ್ಟು. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ, 531 ಕಲಂ: ದೂರು ಬಂದಲ್ಲಿಂದ ತೀರ್ಪಿನವರೆಗೆ ಹೇಗೆ ನಡೆಯಬೇಕು. ಭಾರತೀಯ ಸಾಕ್ಷ್ಯ ಅಧಿನಿಯಮ, 170 ಕಲಂ: ಕೋರ್ಟಿನಲ್ಲಿ ಯಾವುದು ಸಾಕ್ಷ್ಯವಾಗಿ ನಿಲ್ಲುತ್ತದೆ.

ಹಳೆಯ ಗೈಡಿನ ಮೇಲೆ ಹೊಸ ನಂಬರಿನ ಚೀಟಿ ಅಂಟಿಸಿ ಮಾರುವವರಿದ್ದಾರೆ. ದಯವಿಟ್ಟು ಕೊಳ್ಳಬೇಡಿ. 'ಒಂದೇ ಹಾಳೆಯಲ್ಲಿ ಹೊಸ ಕಾನೂನು' ಅನ್ನುವ ಚಾರ್ಟ್ ಒಂದನ್ನು ನಾನೂ ಕೊಂಡಿದ್ದೆ. ಅದರಲ್ಲಿ 106(2) ಜಾರಿಯಲ್ಲಿದೆ ಅಂತ ಅಚ್ಚಾಗಿತ್ತು. ಅಪಘಾತ ಮಾಡಿ ತಿಳಿಸದೆ ಓಡಿಹೋಗುವ ಚಾಲಕರ ಬಗೆಗಿನ ಉಪಕಲಂ ಅದು. ಉಳಿದದ್ದು ಜಾರಿಗೆ ಬಂದ ದಿನ ಅದನ್ನು ಹೊರಗೆ ಇಟ್ಟಿದ್ದರು. ಹಳೆಯ ನಂಬರಿಗೆ ಹೊಸದನ್ನು ತಾಳೆ ನೋಡಬೇಕಿದ್ದರೆ ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೋದ (ಎನ್‌ಸಿಆರ್‌ಬಿ) 'ಸಂಕಲನ್' ಆಪ್ ಇದೆ. ದುಡ್ಡು ಕೊಡಬೇಕಿಲ್ಲ.

ಹೆಜ್ಜೆ 2: ತಾರೀಖು ನೋಡಿ

ಹೊಸ ಕಾನೂನು ಜಾರಿಗೆ ಬಂದದ್ದು 2024ರ ಜುಲೈ 1ರಂದು. ಅಪರಾಧ ಅದಕ್ಕಿಂತ ಮೊದಲು ನಡೆದಿದ್ದರೆ, ದೂರು ಇವತ್ತು ಬಂದರೂ ಕಲಂ ಹಾಕುವುದು 1860ರ ಐಪಿಸಿಯಲ್ಲೇ. ಎಫ್‌ಐಆರ್ ದಾಖಲಿಸುವುದು ಮಾತ್ರ ಹೊಸ ಸುರಕ್ಷಾ ಸಂಹಿತೆಯ 173ರಲ್ಲಿ. ಹಾಗಾಗಿ ಐಪಿಸಿಯನ್ನು ಅಟ್ಟಕ್ಕೆ ಹಾಕಬೇಡಿ. ಹಳೆಯ ಕೇಸುಗಳು ಇನ್ನೂ ಎಷ್ಟೋ ವರ್ಷ ನಡೆಯುತ್ತವೆ.

ಹೆಜ್ಜೆ 3: ನ್ಯಾಯ ಸಂಹಿತೆಯ ಕಲಂ 2 ಮತ್ತು 14ರಿಂದ 44

ಪದಗಳ ಅರ್ಥ ಕಲಂ 2ರಲ್ಲಿದೆ. ಅಪರಾಧವೆನಿಸದ ಸಂದರ್ಭಗಳು, ಆತ್ಮರಕ್ಷಣೆಯೂ ಸೇರಿ, 14ರಿಂದ 44ರಲ್ಲಿವೆ. ಎರಡು ಸಂಜೆ ಸಾಕು.

ಹೆಜ್ಜೆ 4: ಒಂದೇ ಕಥೆ, ಒಂದೊಂದೇ ಬದಲಾವಣೆ

ಇಲ್ಲಿ ನಿಧಾನ ಮಾಡಿ. ಪ್ರತಿ ಕಲಂ ಒಳಗೆ ಕೆಲವು ಅಂಶಗಳಿರುತ್ತವೆ. ಅಷ್ಟೂ ಇದ್ದರೆ ಮಾತ್ರ ಆ ಅಪರಾಧ. ಒಂದು ತಪ್ಪಿದರೂ ಬೇರೆ ಕಲಂ. ನಾನು ಇದನ್ನು ರಂಗಜ್ಜಿಯ ಕಥೆ ಇಟ್ಟುಕೊಂಡೇ ಕಲಿಸುತ್ತೇನೆ.

ರಂಗಜ್ಜಿ ಬಸ್‌ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ತೂಕಡಿಸುತ್ತಿದ್ದಾಳೆ. ಪಕ್ಕದಲ್ಲಿ ಎಲೆ ಅಡಿಕೆ ಸಂಚಿ. ಅದರೊಳಗೆ ಹಾಲಿನ ಬಟವಾಡೆಯ 6,000 ರೂಪಾಯಿ. ಒಬ್ಬ ಬಂದು ಸದ್ದಿಲ್ಲದೆ ಸಂಚಿ ಎತ್ತಿಕೊಂಡ. ಇದು ಕಳವು, ಕಲಂ 303. ಅಂಶ ಐದು: ಮೋಸದ ಉದ್ದೇಶ, ಚರ ವಸ್ತು, ಇನ್ನೊಬ್ಬರ ಸ್ವಾಧೀನ, ಅವರ ಒಪ್ಪಿಗೆ ಇಲ್ಲದಿರುವುದು, ವಸ್ತು ಜಾಗ ಬಿಟ್ಟು ಕದಲಿದ್ದು. ಅವನು ಹತ್ತು ಹೆಜ್ಜೆ ಹೋಗಿ ಹೆದರಿ ಸಂಚಿ ಬಿಸಾಕಿದ ಅಂತಿಟ್ಟುಕೊಳ್ಳಿ. ಅರ್ಧ ತರಗತಿ 'ಕಳವಿಗೆ ಯತ್ನ' ಅಂತ ಬರೆಯುತ್ತದೆ. ಅಲ್ಲ. ಸಂಚಿ ಕದಲಿದಾಗಲೇ ಕಳವು ಮುಗಿಯಿತು.

ಈಗ ಸಂಚಿ ದಾರಿಯಲ್ಲಿ ಬಿದ್ದುಹೋಯಿತು. ಅಜ್ಜಿಗೆ ಗೊತ್ತೇ ಆಗಲಿಲ್ಲ. ಸಂಜೆ ಯಾರಿಗೋ ಸಿಕ್ಕಿತು. ಅವರು ಯಾರದ್ದು ಅಂತ ವಿಚಾರಿಸದೆ ದುಡ್ಡು ಖರ್ಚು ಮಾಡಿಕೊಂಡರು. ಆಗ ಸಂಚಿ ಯಾರ ಸ್ವಾಧೀನದಲ್ಲೂ ಇರಲಿಲ್ಲ. ಕಳವಿನ ಮೂರನೆಯ ಅಂಶ ಬಿದ್ದುಹೋಯಿತು. ಇದು 314, ಅಂದರೆ ಸಿಕ್ಕಿದ ಸ್ವತ್ತನ್ನು ಮೋಸದಿಂದ ತನ್ನದು ಮಾಡಿಕೊಂಡದ್ದು. ಹೆದ್ದಾರಿಯಲ್ಲಿ ಸಿಕ್ಕ ಉಂಗುರದ ಉದಾಹರಣೆಯನ್ನು ಕಾನೂನೇ ಕೊಟ್ಟಿದೆ, ತೆಗೆದು ಓದಿ.

ಅಜ್ಜಿ ಎಚ್ಚರವಾಗಿದ್ದಾಳೆ, ಸಂಚಿ ಕೈಯಲ್ಲಿದೆ. ಅವನು ಫಕ್ಕನೆ ಕಿತ್ತುಕೊಂಡು ಓಡಿದ. ಇದು 304, ಕಿತ್ತುಕೊಂಡು ಹೋಗುವುದು. ಐಪಿಸಿಯಲ್ಲಿ ಇದಕ್ಕೆ ಬೇರೆ ಕಲಂ ಇರಲಿಲ್ಲ. ಸರಗಳ್ಳತನದ ದೂರು ಬಂದಾಗ ಮೊದಲು ನೋಡಬೇಕಾದದ್ದು ಇದನ್ನೇ.

ಅಜ್ಜಿ ಸಂಚಿ ಬಿಡಲಿಲ್ಲ. ಅವನು ಅವಳನ್ನು ತಳ್ಳಿದ, ಮೊಣಕೈ ತರಚಿತು, ಸಂಚಿ ಕೈಗೆ ಬಂತು. ಈಗ ಸುಲಿಗೆ, ಕಲಂ 309. ಠಾಣೆಯವರು ರಾಬರಿ ಅನ್ನುವುದು ಇದನ್ನೇ. ಇಲ್ಲಿ ಕೆಂಪು ಪೆನ್ನಿನಿಂದ ಗೆರೆ ಎಳೆಯಬೇಕಾದ ಮಾತು 'ಆ ಉದ್ದೇಶಕ್ಕಾಗಿ'. ನೋವು ಕೊಟ್ಟದ್ದು ಕದಿಯುವುದಕ್ಕಾಗಿ, ಅಥವಾ ಕದ್ದದ್ದನ್ನು ಒಯ್ಯುವುದಕ್ಕಾಗಿ ಆಗಿರಬೇಕು. ಅವನು ಸಂಚಿ ಎತ್ತಿಕೊಂಡು ಓಡಿದ, ಜನ ಅಟ್ಟಿಸಿಕೊಂಡು ಬಂದರು. ಅವನು ಸಂಚಿ ಬಿಸಾಕಿ, ಸಿಕ್ಕಿಬೀಳಬಾರದು ಅಂತ ಕಲ್ಲು ಬೀರಿದ, ಒಬ್ಬರ ತಲೆಗೆ ಬಿತ್ತು. ಇದು ಸುಲಿಗೆ ಅಲ್ಲ. ಕಳವು ಒಂದು, ಗಾಯ ಮಾಡಿದ್ದು ಇನ್ನೊಂದು. ಅದೇ ಸಂಚಿಯನ್ನು ಕಂಕುಳಲ್ಲಿ ಇಟ್ಟುಕೊಂಡೇ, ಅದನ್ನು ಉಳಿಸಿಕೊಳ್ಳಲು ಕಲ್ಲು ಹೊಡೆದಿದ್ದರೆ ಸುಲಿಗೆ.

ಒಂದು ಕೇಸು ನನಗೆ ಇವತ್ತಿಗೂ ನೋವು ಕೊಡುತ್ತದೆ. ಎಫ್‌ಐಆರ್‌ನಲ್ಲಿ ಸುಲಿಗೆ ಅಂತಿತ್ತು. ಹೇಳಿಕೆಯಲ್ಲಿ 'ಕಿತ್ತುಕೊಂಡ, ಗಾಯವಾಯಿತು' ಅಂತ ಎರಡೇ ಮಾತು. ಗಾಯ ಯಾವಾಗ ಆಯಿತು, ಯಾಕೆ ಆಯಿತು ಅಂತ ಯಾರೂ ಕೇಳಿರಲಿಲ್ಲ. ಎರಡು ವರ್ಷದ ಮೇಲೆ ದೂರು ಕೊಟ್ಟ ತಾಯಿ ಸಾಕ್ಷಿ ಕಟ್ಟೆ ಹತ್ತಿ ತಳ್ಳಿದ್ದನ್ನು ವಿವರಿಸಿದಾಗ, "ಇದನ್ನು ಆಗ ಯಾಕೆ ಹೇಳಲಿಲ್ಲ?" ಅಂತ ಆರೋಪಿ ಪರ ವಕೀಲರು ಕೇಳಿದರು. ಆಕೆಯ ಹತ್ತಿರ ಉತ್ತರ ಇರಲಿಲ್ಲ. ಸುಲಿಗೆ ಬಿದ್ದುಹೋಯಿತು.

ಮತ್ತೆ ಅಜ್ಜಿಯ ಹತ್ತಿರ ಬನ್ನಿ. ಈಗ ಫೋನ್ ಬರುತ್ತದೆ: "ನಾಳೆ ಹತ್ತು ಸಾವಿರ ಕೊಡದಿದ್ದರೆ ಹುಲ್ಲಿನ ಬಣವೆಗೆ ಬೆಂಕಿ." ಹೆದರಿ ಅಜ್ಜಿಯೇ ದುಡ್ಡು ಕೊಟ್ಟಳು. ಇದು ಬೆದರಿಸಿ ವಸೂಲಿ, ಕಲಂ 308. ಕಳವಿನಲ್ಲಿ ಒಪ್ಪಿಗೆಯೇ ಇಲ್ಲ. ಇಲ್ಲಿ ಹೆದರಿಕೆಯಿಂದ ಹೊರಡಿಸಿದ ಒಪ್ಪಿಗೆ ಇದೆ. ದುಡ್ಡು ಕೈ ಬದಲಾಗದಿದ್ದರೆ ಪೂರ್ತಿ ವಸೂಲಿ ಆಗಲಿಲ್ಲ, ಹೆದರಿಸಿದ್ದಕ್ಕೆ 308ರಲ್ಲೇ ಬೇರೆ ಉಪಕಲಂ ಇದೆ. ಅವನೇ ಎದುರು ನಿಂತು ಚಾಕು ತೋರಿಸಿ "ಈಗಲೇ ಕೊಡು" ಅಂದು ಅಲ್ಲೇ ಇಸಿದುಕೊಂಡಿದ್ದರೆ? ವಸೂಲಿಯೂ ಸುಲಿಗೆಯಾಗುತ್ತದೆ. 'ಎದುರಿಗೆ', 'ತಕ್ಷಣ', 'ಅಲ್ಲೇ' ಈ ಮೂರು ಮಾತು ನೆನಪಿಡಿ.

ಕೊನೆಗೆ ತಲೆ ಎಣಿಸಿ. ಐದು ಅಥವಾ ಜಾಸ್ತಿ ಜನ ಸೇರಿ ಸುಲಿಗೆ ಮಾಡಿದರೆ, ಅಥವಾ ಮಾಡಲು ಯತ್ನಿಸಿದರೂ, ದರೋಡೆ, ಕಲಂ 310. ನಾಲ್ವರು ಅಜ್ಜಿಯನ್ನು ಸುತ್ತಿಕೊಂಡರು, ಐದನೆಯವನು ಅಲ್ಲೇ ಆಟೊ ಸ್ಟಾರ್ಟ್ ಮಾಡಿಕೊಂಡು ಕಾಯುತ್ತಿದ್ದ. ಅವನೂ ಲೆಕ್ಕಕ್ಕೆ ಬರುತ್ತಾನೆ, ಸ್ಥಳದಲ್ಲಿದ್ದು ನೆರವಾದವನು ಅಲ್ವಾ. ನಾಲ್ವರೇ ಇದ್ದರೆ ಸುಲಿಗೆ, ಜೊತೆಗೆ 3(5), ಅಂದರೆ ಎಲ್ಲರದ್ದೂ ಒಂದೇ ಉದ್ದೇಶ ಅನ್ನುವ ಕಲಂ.

ನಮ್ಮ ಪತ್ರಿಕೆಗಳು ಇದಕ್ಕೆಲ್ಲ 'ದರೋಡೆ' ಅಂತ ಒಂದೇ ಪದ ಬಳಸುತ್ತವೆ. ಓದುವಾಗ ಆ ಪದವನ್ನು ನಂಬಬೇಡಿ, ನಡೆದದ್ದನ್ನು ನೋಡಿ.

ಹೆಜ್ಜೆ 5: ಅನುಸೂಚಿ ತೆರೆಯಿರಿ, ಊಹಿಸಬೇಡಿ

ಸಂಜ್ಞೇಯವೋ (ಮ್ಯಾಜಿಸ್ಟ್ರೇಟರ ಆದೇಶ ಇಲ್ಲದೆ ಪೊಲೀಸರೇ ತನಿಖೆ ಮಾಡಬಹುದಾದದ್ದು) ಅಸಂಜ್ಞೇಯವೋ, ಜಾಮೀನು ಸಿಗುವುದೋ ಇಲ್ಲವೋ, ಇದೆಲ್ಲ ಸುರಕ್ಷಾ ಸಂಹಿತೆಯ ಮೊದಲನೆಯ ಅನುಸೂಚಿಯಲ್ಲಿದೆ. ನಿರ್ಲಕ್ಷ್ಯದಿಂದ ಸಾವು, 106(1): ಜೀವ ಹೋಗಿದೆ, ಆದರೂ ಜಾಮೀನು ಸಿಗುವ ಅಪರಾಧ. ಸಾದಾ ಪೆಟ್ಟು, 115(2): ಅಸಂಜ್ಞೇಯ. ಅಜ್ಜಿಯ ಸಂಚಿಯಲ್ಲಿ 6,000ದ ಬದಲು 4,000 ಇದ್ದಿದ್ದರೆ? ಆಗಲೂ ಕಳವೇ. ಆದರೆ 5,000ಕ್ಕಿಂತ ಕಡಿಮೆ ಮೊತ್ತದ ಕಳವು ಈಗ ಅಸಂಜ್ಞೇಯ. ಸುರಕ್ಷಾ ಸಂಹಿತೆಯ 174ರಂತೆ ಪುಸ್ತಕದಲ್ಲಿ ಬರೆದುಕೊಂಡು ಮ್ಯಾಜಿಸ್ಟ್ರೇಟರ ಬಳಿ ಕಳಿಸಬೇಕು. ಅವರ ಆದೇಶ ಇಲ್ಲದೆ ತನಿಖೆ ಇಲ್ಲ. ಸುಮ್ನೆ "ಹೋಗಮ್ಮ, ಇದು ಕೇಸಾಗಲ್ಲ" ಅಂತ ಕಳಿಸುವುದು ಕಾನೂನಲ್ಲಿ ಎಲ್ಲೂ ಇಲ್ಲ.

ಸಂಜ್ಞೇಯ ಅಪರಾಧವಾದರೆ 'ನಮ್ಮ ಸರಹದ್ದಲ್ಲ' ಅನ್ನುವ ಹಾಗೂ ಇಲ್ಲ. ಝೀರೋ ಎಫ್‌ಐಆರ್, ಅಂದರೆ ಸರಹದ್ದು ನೋಡದೆ ಯಾವ ಠಾಣೆಯಲ್ಲಾದರೂ ದಾಖಲಿಸುವುದು, ಈಗ 173ರಲ್ಲೇ ಇದೆ. ದೂರು ಕೊಟ್ಟವರಿಗೆ ಪ್ರತಿ ಉಚಿತ.

ಹೆಜ್ಜೆ 6: ದಸ್ತಗಿರಿ

ಏಳು ವರ್ಷದವರೆಗಿನ ಶಿಕ್ಷೆಯ ಅಪರಾಧವಾದರೆ ಯಾಕೆ ಹಿಡಿಯಬೇಕು ಅಂತ ಕಾರಣ ಬರೆದಿಡಬೇಕು. ಹಿಡಿಯುವ ಅಗತ್ಯ ಇಲ್ಲದಿದ್ದರೆ ಸುರಕ್ಷಾ ಸಂಹಿತೆಯ 35(3)ರಂತೆ ಹಾಜರಾಗಲು ನೋಟಿಸ್. ದಸ್ತಗಿರಿ ಬಗ್ಗೆ ಸುಪ್ರೀಂ ಕೋರ್ಟ್ ಕೊಟ್ಟ 2014ರ ಅರ್ನೇಶ್ ಕುಮಾರ್ ತೀರ್ಪನ್ನು ಒಮ್ಮೆ ಪೂರ್ತಿ ಓದಿ. ಹಿಡಿದವರಿಗೆ ಕಾರಣ ತಿಳಿಸುವುದು ಅದೇ ಸುರಕ್ಷಾ ಸಂಹಿತೆಯ ಕಲಂ 47, ಮನೆಯವರಿಗೆ ತಿಳಿಸುವುದು 48, ಪ್ರಯಾಣದ ಸಮಯ ಬಿಟ್ಟು 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸುವುದು 58. ಈ ಮೂರನ್ನು ಮಾತ್ರ ನಂಬರ್ ಸಮೇತ ಬಾಯಿಪಾಠ ಮಾಡಿ. ನಾನು ಬಾಯಿಪಾಠ ಮಾಡಿ ಅನ್ನುವುದು ಇಷ್ಟಕ್ಕೇ.

ಹೆಜ್ಜೆ 7: ನಮ್ಮ ರಾಜ್ಯದ ಕಾಯ್ದೆಗಳು

ಕರ್ನಾಟಕ ಪೊಲೀಸ್ ಕಾಯ್ದೆ 1963, ಕರ್ನಾಟಕ ಅಬಕಾರಿ ಕಾಯ್ದೆ 1965. ಮಟ್ಕಾ ಅಂದರೆ ಪೊಲೀಸ್ ಕಾಯ್ದೆಯ 78, ಬಯಲಲ್ಲಿ ಅಂದರ್ ಬಾಹರ್ ಆಡಿದರೆ 87. ಠಾಣೆಗೆ ಹೋದ ಮೇಲೆ ದಿನಾ ಕಣ್ಣಿಗೆ ಬೀಳುತ್ತವೆ, ತಾನಾಗಿ ಬರುತ್ತದೆ.

ಇನ್ನು ಅಭ್ಯಾಸ. ಇನ್ನೂರು ಪುಟದ ನೋಟ್‌ಬುಕ್ ತನ್ನಿ. ಫೋನಿನಲ್ಲಿ ಟೈಪ್ ಮಾಡಬೇಡಿ, ಕೈಯಲ್ಲೇ ಬರೆಯಿರಿ. ದಿನಕ್ಕೆ ಒಂದು ಅಪರಾಧ ಸುದ್ದಿ ಕತ್ತರಿಸಿ ಎಡಪುಟಕ್ಕೆ ಅಂಟಿಸಿ. ಬಲಪುಟದಲ್ಲಿ ಅಂಶಗಳನ್ನು ಒಂದರ ಕೆಳಗೊಂದು ಬರೆದು, ಸುದ್ದಿಯಲ್ಲಿ ಇದ್ದರೆ ಸರಿ ಗುರುತು ಹಾಕಿ. ಕಲಂ ನಂಬರ್ ಕೊನೆಯ ಸಾಲಿನಲ್ಲಿ. ಸುದ್ದಿಯಲ್ಲಿ ಇಲ್ಲದ್ದನ್ನು ಊಹಿಸಿ ತುಂಬಬೇಡಿ. ಅದರ ಎದುರು 'ಕೇಳಬೇಕು' ಅಂತ ಬರೆದು, ಪಿರ್ಯಾದಿಗೆ ಕೇಳುವ ಪ್ರಶ್ನೆಯನ್ನು ಅವರಿಗೆ ಅರ್ಥವಾಗುವ ಮಾತಿನಲ್ಲೇ ಬರೆಯಿರಿ: "ಅಮ್ಮಾ, ನಿಮಗೆ ಏಟು ಬಿದ್ದಾಗ ಸಂಚಿ ಇನ್ನೂ ಅವನ ಕೈಯಲ್ಲೇ ಇತ್ತಾ, ಆಗಲೇ ಬಿಸಾಕಿದ್ದನಾ?"