4,104 ಬೈಟ್‌ಗಾಗಿ ಎರಡು ರಾತ್ರಿ

ನಮ್ಮ ವಾದ್ಯಗೋಷ್ಠಿಯ ಹಿರಿಯ ಕೀಬೋರ್ಡ್ ವಾದಕರೊಬ್ಬರು ತಮ್ಮ ಯಮಹಾ ಡಿಎಕ್ಸ್7 ಸಿಂಥಸೈಸರ್ ತಂದುಕೊಟ್ಟು, "ಬ್ಯಾಟರಿ ಹಾಕಿಕೊಡಪ್ಪಾ, ಆದರೆ ಒಳಗಿರೋ ನನ್ನ ವಾಯ್ಸ್‌ಗಳು ಹೋಗಬಾರದು" ಅಂದರು. 1983ರಲ್ಲಿ ಬಂದ ಮಾದರಿ ಅದು. ಬ್ಯಾಟರಿಯನ್ನು ಬೋರ್ಡಿಗೇ ಬೆಸುಗೆ ಹಾಕಿರುತ್ತಾರೆ. ಮೆಮೊರಿಯನ್ನು ಕಾಯುವುದೇ ಅದು, ಬಿಚ್ಚಿದರೆ ಒಳಗಿನ 32 ವಾಯ್ಸ್‌ಗಳೂ (ಉಳಿಸಿಟ್ಟ ನಾದಗಳು) ಹೋದಂತೆಯೇ. ಕೊಳಲು, ಶಹನಾಯಿ ಅಂತ ಅವರು ವರ್ಷಗಟ್ಟಲೆ ತಿದ್ದಿ ತೀಡಿದ್ದವು. ಮೊದಲು ಸಿಸೆಕ್ಸ್ (ವಾದ್ಯ-ಕಂಪ್ಯೂಟರ್‌ಗಳನ್ನು ಜೋಡಿಸುವ ಮಿಡಿ ಸಂಪರ್ಕದಲ್ಲಿ ವಾದ್ಯದ ಒಳಗಿನ ಡೇಟಾ ಸಾಗಿಸುವ ಸಂದೇಶ) ಮೂಲಕ ಅವನ್ನು ಲ್ಯಾಪ್‌ಟಾಪಿಗೆ ಇಳಿಸಿಕೊಳ್ಳಲೇಬೇಕಿತ್ತು.

ಫಂಕ್ಷನ್ ಒತ್ತಿ, 8ನೇ ಗುಂಡಿಯಲ್ಲಿ ಸಿಸ್ ಇನ್ಫೋವನ್ನು ಅವೈಲ್ ಮಾಡಿ (ಅಂದರೆ ಸಿಸೆಕ್ಸ್‌ಗೆ ಅನುಮತಿ ಕೊಟ್ಟು), ಟ್ರಾನ್ಸ್‌ಮಿಟ್ ಕೇಳಿದಾಗ ಯೆಸ್ ಒತ್ತಿದೆ. ಲ್ಯಾಪ್‌ಟಾಪಿನ ಮಿಡಿ-ಆಕ್ಸ್ ಎಂಬ ತಂತ್ರಾಂಶದಲ್ಲಿ ಡೇಟಾ ಬಂತು. ಖುಷಿಯಾಯಿತು. ಆದರೆ ಫೈಲ್ ಗಾತ್ರ ನೋಡಿದರೆ ಒಮ್ಮೆ 3,900ರ ಆಸುಪಾಸು, ಇನ್ನೊಮ್ಮೆ ಅದಕ್ಕೂ ಕಡಿಮೆ.

ಇಲ್ಲಿ ಲೆಕ್ಕ ಗೊತ್ತಿರಬೇಕು. ಒಂದು ವಾಯ್ಸ್‌ಗೆ 128 ಬೈಟ್, 32 ವಾಯ್ಸ್‌ಗೆ 4,096. ಮುಂದೆ ತಲೆಬರಹದ 6, ಹಿಂದೆ ತಪ್ಪು ಪತ್ತೆಗೆ ಚೆಕ್‌ಸಮ್ 1, ಮುಕ್ತಾಯದ ಎಫ್7 ಒಂದು. ಒಟ್ಟು 4,104. ಒಂದೇ ಒಂದು ಬೈಟ್ ಕಡಿಮೆಯಾದರೂ ಆ ಫೈಲನ್ನು ನಂಬಬಾರದು. ಬೈಟ್‌ಗಳನ್ನು ಒಂದೊಂದಾಗಿ ತೋರಿಸುವ ಹೆಕ್ಸ್ ಎಡಿಟರ್‌ನಲ್ಲಿ ತೆರೆದೆ. ಪ್ರತಿ ವಾಯ್ಸಿನ ಕೊನೆಯ 10 ಬೈಟ್ ಅದರ ಹೆಸರು, ಹಾಗೇ ಓದಲು ಬರುತ್ತದೆ. ಮೊದಲ ಹೆಸರುಗಳೆಲ್ಲ ಒಂದೇ ಸಾಲಿನಲ್ಲಿ ನೆಟ್ಟಗೆ ನಿಂತಿದ್ದವು, ಆಮೇಲಿನವು ಎಡಕ್ಕೆ ಸರಿದಿದ್ದವು. ಅಂದರೆ ನಡುವೆ ಎಲ್ಲೋ ಸೋರಿದೆ.

ನನಗೆ ಮೊದಲು ಅನುಮಾನ ಬಂದದ್ದು ಹಳೆಯ ವಾದ್ಯದ ಮೇಲೆ. ಒಂದು ರಾತ್ರಿ ಅದರಲ್ಲೇ ಕಳೆಯಿತು. ಮರುದಿನ ವಾದ್ಯವನ್ನು ಪಕ್ಕಕ್ಕಿಟ್ಟು, ಯುಎಸ್‌ಬಿ-ಮಿಡಿ ಕೇಬಲ್ಲಿನ ಔಟ್ ತುದಿಯನ್ನು ಅದರ ಇನ್ ತುದಿಗೇ ಸಿಕ್ಕಿಸಿ, ನೆಟ್‌ನಲ್ಲಿ ಸಿಕ್ಕ ಸರಿಯಾದ 4,104 ಬೈಟ್ ಬ್ಯಾಂಕ್ (32 ವಾಯ್ಸ್‌ಗಳ ಫೈಲ್) ಒಂದನ್ನು ಕಳಿಸಿದೆ. ವಾಪಸ್ ಬಂದದ್ದು ಕಡಿಮೆ. ಕಳ್ಳ ಸಿಕ್ಕಿಬಿದ್ದ! ಮಿಡಿ ವೇಗ ಸೆಕೆಂಡಿಗೆ 3,125 ಬೈಟ್; ಇಡೀ ಬ್ಯಾಂಕ್ ಸುಮಾರು 1.3 ಸೆಕೆಂಡ್ ಬಿಡುವಿಲ್ಲದೆ ಹರಿಯುತ್ತದೆ. ಸ್ವರ ನುಡಿಸುವಾಗ ಬರುವುದು ಮೂರು ಮೂರೇ ಬೈಟ್, ಆಗ ಈ ಅಗ್ಗದ ಕೇಬಲ್ ತೊಂದರೆ ಕೊಟ್ಟಿರಲೇ ಇಲ್ಲ. ಈ ಹರಿವನ್ನು ತಡೆದುಕೊಳ್ಳುವ ಬಫರ್ (ತಾತ್ಕಾಲಿಕ ಮೆಮೊರಿ) ಅದರಲ್ಲಿಲ್ಲ.

ಗೆಳೆಯನ ಆಡಿಯೊ ಇಂಟರ್‌ಫೇಸ್ ತಂದು ಮೂರು ಸಲ ಇಳಿಸಿದೆ. ಮೂರೂ 4,104, ಹೋಲಿಸಿದರೆ ಮೂರೂ ಒಂದೇ. ಆಮೇಲಷ್ಟೇ ಬೆಸುಗೆ ಕಡ್ಡಿ ಬಿಸಿಮಾಡಿದ್ದು.

ಹೊಸ ಬ್ಯಾಟರಿ ಹಾಕಿ ಫೈಲ್ ವಾಪಸ್ ಕಳಿಸಿದರೆ ವಾದ್ಯ ಕದಲಲಿಲ್ಲ. ಮೆಮೊರಿಗೆ ಬರೆಯದಂತೆ ತಡೆಯುವ ಇಂಟರ್ನಲ್ ಮೆಮೊರಿ ಪ್ರೊಟೆಕ್ಟ್ ಆನ್ ಇತ್ತು. ತೆಗೆದೆ, ಆದರೂ ಇಲ್ಲ. ಆಮೇಲೆ ನೋಡಿದರೆ ರಿಸೀವ್ ಚಾನೆಲ್ ಬೇರೆಯೇ ಆಗಿತ್ತು. ಫೈಲಿನ ಮೂರನೇ ಬೈಟ್ ಸೊನ್ನೆ, ಅಂದರೆ ಚಾನೆಲ್ 1. ಅದು ಹೊಂದದಿದ್ದರೆ ವಾದ್ಯ ತನಗಲ್ಲವೆಂದು ಸುಮ್ಮನಿದ್ದುಬಿಡುತ್ತದೆ. ಚಾನೆಲ್ 1 ಮಾಡಿ, ಸಿಸ್ ಇನ್ಫೋ ಅವೈಲ್ ಇದೆಯೇ ಅಂತ ಇನ್ನೊಮ್ಮೆ ನೋಡಿ ಕಳಿಸಿದೆ. ಪರದೆಯ ಮೇಲೆ ಅವರಿಟ್ಟ ಹೆಸರುಗಳು ಒಂದೊಂದಾಗಿ ಬಂದವು. 11ನೇ ಗುಂಡಿಯಲ್ಲಿ ಕೊಳಲು ಮೊದಲಿದ್ದ ಹಾಗೇ ಇತ್ತು.